ತಾಟೆಯ ಈಲಿ ಯಾರ ಪಾಲು?

ಹೊತ್ತು ಕಂತಿದರೆ ಸಾಕು, ಗಂಗೊಳ್ಳಿಯ ಆರು ವರ್ಷದ ವನಜಳಿಗೆ ಮನೆಯ ಬಾಗಿಲು ಕಾಣುತ್ತಿರಲಿಲ್ಲ. ಹಗಲೆಲ್ಲ ಅಂಗಳದಲ್ಲಿ ಓಡುವ ಹುಡುಗಿ ಸಂಜೆಗೆ ಗೋಡೆ ತಡವುತ್ತ ನಡೆಯುತ್ತಿದ್ದಳು. ಇದು ಇರುಳುಗುರುಡು, ಹೀಗೇ ಬಿಟ್ಟರೆ ಹಗಲಿನ ಕಣ್ಣೂ ಹೋಗುತ್ತದೆ, ಮೀನೆಣ್ಣೆ ಕೊಡಿಸು ಎಂದು ದಾದಿ ಗೋಮತಿಯಮ್ಮ ಹೇಳಿದ್ದರು. ಇದು ನಡೆದದ್ದು ಹೋದ ವರ್ಷ, ನಲವತ್ತೆರಡನೇ ಇಸವಿಯಲ್ಲಿ.

ತಾಯಿ ಜಲಜ ಮೀನು ಮಾರುವವಳು. ಹೊಳೆ ದಾಟಿ ಕುಂದಾಪುರದ ಮದ್ದಿನಂಗಡಿಗೆ ಹೋದಳು.

“ಮೀನೆಣ್ಣಿ ಬಾಟ್ಲಿ ಇಲ್ಲೆ,” ಎಂದ ಅಂಗಡಿಯವ. “ನಾರ್ವೆ ದೇಶದಿಂದ ಬರ್ಕ್. ಯುದ್ಧ ಮುಗಿಲಿ, ಹಡಗ್ ಬತ್ತ್. ಅಲ್ಲಿವರಿಗ್ ಕಾಯಿ.”

ಕಾಯಬೇಕಂತೆ. ಎಲ್ಲಿಯದೋ ಯುದ್ಧ, ಯಾರದೋ ಜಿದ್ದು, ಕತ್ತಲೆ ಮಾತ್ರ ನಮ್ಮ ಮಗುವಿಗೆ. ಹೇಳುವಾಗಲೇ ನನಗೆ ಮೈ ಉರಿಯುತ್ತದೆ.

ಜಲಜಳಿಗೂ ಉರಿಯಿತು. ಮೀನೆಣ್ಣೆ ಮೀನಿನದೇ ತಾನೇ ಎಂದುಕೊಂಡು, ದೋಣಿಗೆ ಬಳಿಯಲು ಮಡಕೆಯಲ್ಲಿಟ್ಟಿದ್ದ ಮೀನಿನ ಎಣ್ಣೆಯನ್ನೇ ಮಗುವಿಗೆ ಕುಡಿಸಿದಳು. ಮಗು ವಾಂತಿ ಮಾಡಿ ಮಾಡಿ ಸುಸ್ತಾಯಿತು.

ಗೋಮತಿಯಮ್ಮ ಬಂದು ಬೈದರು. “ಎಂತ ಮಾರಾಯ್ತಿ, ನಿಂಗೆ ತಲಿ ಸಮ ಇತ್ತಾ? ಅದ್ ಬಿಸ್ಲಲ್ ಕೊಳ್ತ ಎಣ್ಣಿ. ಮರಕ್ಕೆ ಆತ್ತ್, ಹೊಟ್ಟಿಗಲ್ಲ.” ಆಮೇಲೆ ದನಿ ತಗ್ಗಿಸಿದರು. “ಆದ್ರೆ ನೀ ಗ್ರಹಿಸಿದ್ದ್ ಪೂರ್ತಿ ತಪ್ಪಲ್ಲ. ನಾರ್ವೆಯವ್ರೂ ಮೀನಿನ ಈಲಿಯಿಂದ್ಲೇ, ಅಂದ್ರೆ ಯಕೃತ್ತಿಂದ್ಲೇ, ಎಣ್ಣಿ ತೆಗೂದ್. ನಮ್ ತಾಟೆ ಈಲಿಲೂ ಆ ಸತ್ವ ಇತ್ತ್. ಅದೇ ದಿನದ ಹಸಿ ಈಲಿ ಆಯ್ಕ್. ಆಸ್ಪತ್ರಿ ಡಾಕ್ಟ್ರ್ ತೆಗ್ಸಿ, ಸೋಸಿ ಕೊಡ್ತ್ರ್.”

ತಾಟೆಯೆಂದರೆ ಪಟ್ಟಣದವರು ಶಾರ್ಕ್ ಎನ್ನುವ ಮೀನು. ಅದರ ಮಾಂಸ ಉಪ್ಪಿಗೆ, ರೆಕ್ಕೆ ಬೊಂಬಾಯಿಯ ವ್ಯಾಪಾರಿ ಮೂಲಕ ಚೀನಾಕ್ಕೆ, ಈಲಿಯ ಎಣ್ಣೆ ದೋಣಿಯ ಮರಕ್ಕೆ ಬಳಿಯಲು. ಈಲಿ ದೋಣಿಯ ಪಾಲು, ಅದನ್ನು ಮನೆಗೊಯ್ದರೆ ದೋಣಿ ಮುನಿಯುತ್ತದೆ ಎಂಬುದು ಜಲಜಳ ಮಾವ ಮುತ್ತನ ನಂಬಿಕೆ. ದೋಣಿಯೂ ಅವನದೇ.

ಆ ವಾರ ದೊಡ್ಡ ತಾಟೆಯೊಂದು ಬಲೆಗೆ ಬಿತ್ತು. ದಂಡೆಯಲ್ಲಿ ಅದನ್ನು ಕೊಯ್ದು ಮುಗಿಯುವಷ್ಟರಲ್ಲಿ ಜಲಜ ಈಲಿಯನ್ನು ಬುಟ್ಟಿಗೆ ಹಾಕಿ ತಲೆಗೇರಿಸಿದಳು.

“ಹ್ವಾಯ್, ಅದ್ ದೋಣಿ ಪಾಲ್. ಕೆಳ್ಗಿಡ್,” ಎಂದ ಮುತ್ತ.

“ಇಡುದಿಲ್ಲೆ.”

ಅಕ್ಕಪಕ್ಕದವರು ಕೈಕೆಲಸ ನಿಲ್ಲಿಸಿದರು. ಮುತ್ತನಿಗೆ ಎದುರು ಮಾತಾಡಿದವರನ್ನು ಅವರು ಕಂಡದ್ದೇ ಕಡಿಮೆ, ಅದರಲ್ಲೂ ಸೊಸೆ.

“ದೋಣಿ ಮುನಿಯೂದಾರೆ ನನ್ನ್ ಮೇಲ್ ಮುನಿಲಿ, ಮಾವ. ಮಗಿ ಕಣ್ಣ್ ಹೋದ್ರೆ ದೋಣಿ ತಂದ್ ಕೊಡತ್ತಾ?”

“ಒಂದ್ಸಲ ಕುಡ್ಸಿ ಕಂಡದ್ದ್ ಸಾಕಾಯ್ಲಿಲ್ಯಾ? ಪರದೇಶದ್ ಬಾಟ್ಲಿ ಗತ್ತೇ ಬೇರೆ. ಹಡಗ್ ಬಪ್ಪಲ್ಲಿವರಿಗ್ ತಡ್ಕೋ.”

ಜಲಜಳ ಜೊತೆಗೆ ಬಂದಿದ್ದ ಗೋಮತಿಯಮ್ಮ ನಡುವೆ ಬಂದರು. “ಮುತ್ತ, ನಿಮ್ ತಾಟೆ ರೆಕ್ಕೆ ಈಗ ಯಾರ್ ಕೊಂತ್ರ್?”

“ಯಾರೂ ಇಲ್ಲೆ. ಚೀನಾದಲ್ಲೂ ಯುದ್ಧ ಅಂಬ್ರ್. ಅಟ್ಟದ್ ಮೇಲ್ ಮೂಟೆ ಕಟ್ಟಿ ಇಟ್ಟಿದೆ.”

“ಹಾಂಗಾರೆ ಕಾಣಿ. ಅವ್ರ್ ಕೊಳ್ದಿದ್ರೆ ನಿಮ್ಗ್ ಕಷ್ಟ, ನಾರ್ವೆಯವ್ರ್ ಕಳ್ಸ್ದಿದ್ರೆ ಮಗಿಗ್ ಕಷ್ಟ. ದೇಶದೇಶಕ್ಕೆ ಹೀಂಗೇ ನಂಟ್. ಕೊಡೂದ್, ತಕಂಬೂದ್ ತಪ್ಪಲ್ಲ. ಕೈಲಿದ್ದದ್ದನ್ನ ಮರಕ್ಕೆ ಬಳ್ದ್, ಅಂಥದ್ದನ್ನೇ ಹಡಗಿನ ಬಾಡ್ಗಿ, ಬಂದರಿನ ಸುಂಕ, ಅಂಗ್ಡಿಯವ್ನ ಲಾಭ ಎಲ್ಲ ಸೇರ್ಸಿ ಕೊಂಬುದ್ ತಪ್ಪ್.”

“ಯುದ್ಧ ಮುಗ್ದ್ ಆ ಬಾಟ್ಲಿ ಅಗ್ಗಕ್ಕೆ ಬಂದ್ರೆ? ನಮ್ಮೆಣ್ಣಿ ಯಾರ್ ಕೇಂತ್ರ್?”

“ನಮ್ದ್ ಕಾಲೂರುವರಿಗ್ ಅದ್ರ ಮೇಲ್ ಸ್ವಲ್ಪ ಸುಂಕ ಹಾಕಿ ಅಂದೇಳಿ ಸರ್ಕಾರಕ್ಕೆ ಕೇಂಬ.”

“ಹೊರಗಿನವ್ರೂ ನಮ್ ರೆಕ್ಕೆ ಮೇಲ್ ಸುಂಕ ಹಾಕ್ರೆ?”

“ಹಾಕುಕೂ ಸಾಕ್. ಅದ್ಕೇ ಕಂಡದ್ದಕ್ಕೆಲ್ಲ ಬೇಲಿ ಹಾಕುದಲ್ಲ, ಹದ ಬೇಕ್. ಅದ್ ನಾಳಿ ಮಾತ್. ಈಲಿ ಇವತ್ತೇ ಹಾಳಾತ್ತ್.”

ಜಲಜ ಮಾವನ ಹೂಂಗೆ ಕಾಯಲಿಲ್ಲ, ಹೊಳೆ ದಾಟಿ ಆಸ್ಪತ್ರೆಗೆ ಹೋಗಲು ಬುಟ್ಟಿ ಹೊತ್ತು ಕಡವಿನತ್ತ ನಡೆದೇಬಿಟ್ಟಳು. ಭಲೇ ಹೆಣ್ಣೇ ಎನ್ನುತ್ತೇನೆ ನಾನು.

ಡಾಕ್ಟರು ಎಣ್ಣೆ ತೆಗೆಸಿ, ಪರೀಕ್ಷಿಸಿ, ದಿನಕ್ಕೆ ಇಷ್ಟೇ ಹನಿ ಎಂದು ಕಟ್ಟುನಿಟ್ಟಾಗಿ ಹೇಳಿ ಕೊಟ್ಟರು. ಕೆಲವು ವಾರ ಕಳೆಯಿತು. ಒಂದು ಮುಸ್ಸಂಜೆ ಮುತ್ತ ದಂಡೆಯಲ್ಲಿ ಬಲೆ ಮಡಚುತ್ತಿದ್ದಾಗ ವನಜ ಯಾರ ಕೈಯನ್ನೂ ಹಿಡಿಯದೆ, ಸಾಲುದೋಣಿಗಳ ಸಂದಿಯಲ್ಲಿ ಎಲ್ಲೂ ಎಡವದೆ, ಒಬ್ಬಳೇ ಬಂದಳು.

“ಅಜ್ಜ, ಊಟಕ್ ಬರ್ಕಂಬ್ರ್.”

ಮುತ್ತ ಬಲೆ ಬಿಟ್ಟು ಮೊಮ್ಮಗಳನ್ನು ಎತ್ತಿಕೊಂಡು ಅತ್ತುಬಿಟ್ಟ. ಮರುದಿನ ಉಳಿದ ದೋಣಿಗಳವರಿಗೆ ಅವನೇ ಹೇಳಿದ: “ದೋಣಿಗೆ ಗೇರುಸಿಪ್ಪಿ ಎಣ್ಣಿ ಬಳ್ದ್ರೂ ಆತ್ತ್. ಈಲಿ ಮಕ್ಳ ಪಾಲ್. ದೋಣಿ ಮುನ್ದ್ರೆ ನಾ ಮಾತಾಡ್ತೆ.”

ಮರವಂತೆ, ಉಪ್ಪುಂದ, ಕೋಡಿಯ ಅಣ್ಣಂದಿರೇ, ಅಕ್ಕಂದಿರೇ, ತಾಟೆ ಬಿದ್ದ ದಿನ ಹಸಿ ಈಲಿಯನ್ನು ಅಂದೇ ಆಸ್ಪತ್ರೆಗೆ ಮುಟ್ಟಿಸಿ. ಮನೆಯಲ್ಲಿ ನೀವೇ ಕಾಯಿಸಿ ಕುಡಿಸಬೇಡಿ. ಡಾಕ್ಟರು ಹೇಳಿದಷ್ಟು ಹನಿ, ಅಷ್ಟೇ. ಸಂಜೆಗೆ ಎಡವುವ ಮಗು ಮನೆಯಲ್ಲಿದ್ದರೆ ಮುಚ್ಚಿಡಬೇಡಿ, ಕರೆದುಕೊಂಡು ಹೋಗಿ. ಹಡಗು ಬರುವ ದಿನ ಬರಲಿ. ಬೇಕಾದ್ದನ್ನು ತಲೆಯೆತ್ತಿಯೇ ಕೊಳ್ಳೋಣ, ನಮ್ಮದನ್ನು ತಲೆಯೆತ್ತಿಯೇ ಮಾರೋಣ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕಾಯಿರಿ ಎಂದು ಯಾರೇ ಹೇಳಲಿ, ಕೇಳಬೇಡಿ. ಮಕ್ಕಳ ಕಣ್ಣು ಯಾವ ಹಡಗಿಗೂ ಕಾಯುವುದಿಲ್ಲ.