ಬೀಡಿನ ಗಾಲಿ

ಹೊಸನಗರದ ಅಕ್ಕಿ ಗಿರಣಿಯ ಎಂಜಿನ್ನನ್ನು ದಿನಾ ಬೆಳಿಗ್ಗೆ ಸುತ್ತಿಗೆಯಿಂದ ತಟ್ಟಿ ಮಾತಾಡಿಸುವವನು ಹೂವಪ್ಪ. ಅವನಿಗಾದರೂ ಮಾತಾಡಿಸಲು ಇನ್ಯಾರಿದ್ದರು? ಹೆಂಡತಿ ಹಾಲಮ್ಮ ತೀರಿಕೊಂಡು ಆರು ವರ್ಷ. ಹುಟ್ಟಿದೂರು ಶರಾವತಿ ಹಿನ್ನೀರಿನಲ್ಲಿ ಮುಳುಗಿ ಎರಡು ವರ್ಷ. ಎಂಜಿನ್ ಪಕ್ಕದ ಕೋಣೆಯಲ್ಲೇ ಅವನ ಊಟ, ನಿದ್ದೆ, ಕೆಮ್ಮು ಎಲ್ಲ.

ಬೀಡು ಕಬ್ಬಿಣದ ದೊಡ್ಡ ಗಾಲಿಯ ನಡುವಿನಿಂದ ಅಂಚಿಗೆ ಚಾಚಿದ ಆರು ಕಾಲಿಗೂ ಒಂದೊಂದು ಏಟು. ಹದಿಮೂರು ವರ್ಷ ಆರೂ 'ಠಣ್' ಅಂದಿದ್ದವು. ಅವತ್ತು ನಾಲ್ಕನೆಯದು 'ಠಪ್' ಅಂದಿತು, ಒಡಕು ಮಡಕೆಯ ಹಾಗೆ.

ಹೂವಪ್ಪ ಅದಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಎಲೆಯಡಿಕೆ ಸಂಚಿಯ ಸುಣ್ಣವನ್ನು ತೆಳ್ಳಗೆ ಬಳಿದು ಕಾದ. ಒಣಗಿದ ಸುಣ್ಣದ ಮೇಲೆ ಬಿರುಕಿನೊಳಗಿನ ಎಣ್ಣೆ ಒಸರಿ ಕೂದಲೆಳೆಯಂಥ ಗೆರೆ ಮೂಡಿತು. ಕಬ್ಬಿಣವೂ ದಣಿಯುತ್ತದೆ ಮಾರಾಯ್ರೆ! ಬಾಯಿ ಬಿಡದೆ ತಿರುಗುತ್ತಲೇ ಇದ್ದು, ಒಂದು ದಿನ ಚೂರುಚೂರಾಗಿ ಹಾರುತ್ತದೆ.

ಯಜಮಾನರಿಗೆ ಹೇಳಿದರೆ ಎಂಜಿನ್ ಗುಜರಿಗೆ, ಅದರ ಜಾಗಕ್ಕೆ ಕರೆಂಟಿನ ಮೋಟರು. ಗುಂಡಿ ಒತ್ತಲು ಹೂವಪ್ಪ ಯಾಕೆ ಬೇಕು? ಅಯ್ಯೋ, ಗೆರೆ ಮುಚ್ಚಿಟ್ಟು ಉಳಿಯುವ ಎಂಥ ಆಸೆಯಪ್ಪಾ ಅದು! ಹೆಬ್ಬೆರಳಿನಿಂದ ಸುಣ್ಣ ಒರೆಸಿಯೇಬಿಟ್ಟ.

ಅಷ್ಟರಲ್ಲಿ ಭತ್ತದ ಚೀಲ ಇಳಿಸಿದ ಕೂಲಿಯ ಪುಷ್ಪಮ್ಮ ಎಂದಿನಂತೆ ಗಾಲಿಯ ಎದುರಿನ ಗೋಡೆಗೊರಗಿ ಕೂತು, ಕೂಸನ್ನು ಮಡಿಲಿಗೆ ಎಳೆದುಕೊಂಡಳು.

"ಹೂವಪ್ಪಣ್ಣ, ಚೂರು ಸುಣ್ಣ ಇದ್ರೆ ಕೊಡಿ."

ಆ ಸುಣ್ಣ ಅವನ ಬೆರಳಿಗೆ ಇನ್ನೂ ಅಂಟಿಕೊಂಡಿತ್ತು.

"ಅಲ್ಲಿ ಕೂರ್ಬೇಡ ತಾಯಿ, ಏಳು. ಇವತ್ತು ಗಿರಣಿ ಇಲ್ಲ."

ಗಾಲಿ ಒಡೆದಿದೆಯೆಂದು ಹೂವಪ್ಪ ಹೇಳಿಕಳಿಸಿದ್ದೇ ತಡ, ಯಜಮಾನ ಮಂಜುನಾಥಪ್ಪ ಕೂಗಾಡುತ್ತ ಬಂದರು. "ಎಲ್ಲಯ್ಯಾ ಒಡೆದಿರೋದು? ನಿನ್ನೆ ಓಡಿಲ್ವಾ? ಸುಗ್ಗೀಲಿ ಗಿರಣಿ ನಿಲ್ಸೋಕಾಗತ್ತಾ? ಬಿಡು, ನಾನೇ ಓಡಿಸ್ತೀನಿ!" ಎಂದು ಹ್ಯಾಂಡಲ್ಲಿಗೆ ಕೈ ಹಾಕಿದರು.

ಹೂವಪ್ಪ ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ಎತ್ತಿ ನಾಲ್ಕನೆಯ ಕಾಲಿಗೆ ಬಲವಾಗಿ ಹೊಡೆದ. ಗೆರೆ ಮೂಡಿದ್ದಲ್ಲೇ ಅದು ಪಟಾರನೆ ಮುರಿಯಿತು. ಮುರಿದ ಮೈ ಅರ್ಧಕ್ಕರ್ಧ ಹಳೆಯ ಎಣ್ಣೆಯಿಂದ ಕಪ್ಪಾಗಿತ್ತು. ಈಗ ಮುರಿದದ್ದು ಉಳಿದರ್ಧವಷ್ಟೇ. ಎಷ್ಟು ತಿಂಗಳಿಂದ ಒಳಗೊಳಗೇ ಸೀಳುತ್ತಿತ್ತೋ.

"ಇಲ್ಲಿ, ಯಜಮಾನ್ರೆ," ಎಂದ. ಅಳು ತಡೆಯಲಾಗಲಿಲ್ಲ. ಮಂಜುನಾಥಪ್ಪ ಹ್ಯಾಂಡಲ್ ಬಿಟ್ಟು ಹಿಂದೆ ಸರಿದರು.

ಮೋಟರು ಬಂತು. ಯಜಮಾನರೇನು ಕೆಟ್ಟವರಲ್ಲ, ಚೀಲ ಹೊಲಿಯುವ ಕೆಲಸ ಕೊಟ್ಟರು, ಕೋಣೆಯನ್ನೂ ಬಿಡಿಸಲಿಲ್ಲ. ಈಗಲೂ ಹೂವಪ್ಪನಿಗೆ ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಸಣ್ಣ ಸುತ್ತಿಗೆ ಹಿಡಿದು ಎಂಜಿನ್ ಇದ್ದ ಜಾಗದವರೆಗೂ ಹೋಗಿ ನಿಲ್ಲುತ್ತಾನೆ. ವಾಪಸು ಬಂದು ತನ್ನ ಕೋಣೆಯ ಬಾಗಿಲನ್ನೇ ಒಮ್ಮೆ ತಟ್ಟುತ್ತಾನೆ, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ.