ಕರಿಬಸಪ್ಪ ಡಾಕ್ಟರಿಗೆ ಹತ್ತಿದ ಜೋಂಪು

ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ ಮುಗಿಸಿದ ತಳಕಲ್ಲಿನ ಕರಿಬಸಪ್ಪನನ್ನು ತರಬೇತಿಗೆಂದು ಗಂಗಾವತಿಯ ದವಾಖಾನೆಗೆ ಕಳಿಸಿದಾಗ, ಮಗ ಹತ್ತಿರ ಬಂದನೆಂದು ಮನೆಯವರಿಗೆ ಸಂತೋಷವಾಯಿತು. ಅವನಿಗೆ ಮಾತ್ರ ಆ ಊರು ಹೈದರಾಬಾದಿಗಿಂತ ದೂರವೆನಿಸಿತು. ಎರೆಹೊಲದ ಒಣಗಾಳಿಯಲ್ಲಿ ಬೆಳೆದವನಿಗೆ ಭತ್ತದ ಗದ್ದೆಗಳ ತೇವ, ಸೊಳ್ಳೆ, ದಿನವೂ ಅನ್ನ ಯಾವುದೂ ಒಗ್ಗಲಿಲ್ಲ. ಬಜಾರದ ಹಿಂದಿನ ಬಾಡಿಗೆ ಕೋಣೆಯಲ್ಲಿ ಮಾತಾಡಿಸುವವರಿರಲಿಲ್ಲ. ಇದ್ದರೂ ಮಾತಾಡುವ ತ್ರಾಣ ಅವನಲ್ಲಿ ಉಳಿದಿರುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತಲೇ ಚಳಿಜ್ವರ ಹಬ್ಬಿತು. ದೊಡ್ಡ ಡಾಕ್ಟರು ಹಳ್ಳಿ ತಿರುಗಲು ಹೋದರು. ದವಾಖಾನೆ ಪೂರ್ತಿ ಕರಿಬಸಪ್ಪನ ತಲೆಗೆ ಬಂತು. ಬಂದವರೆಲ್ಲ ಅವನ ಎಳೆಯ ಮುಖ ನೋಡಿ, "ದೊಡ್ಡ ಡಾಕ್ಟರು ಯಾವಾಗ ಬರ್ತಾರ್ರಿ?" ಎಂದೇ ಮಾತು ಶುರುಮಾಡುತ್ತಿದ್ದರು. ಉತ್ತರ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿ ಹೊಳಿಯಮ್ಮ ಬಂದು ಕೈ ಚಾಚಿದಳು. ನಾಡಿ ಹಿಡಿದ ಕರಿಬಸಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಕುರ್ಚಿಯಲ್ಲೇ ನಿದ್ದೆ ಹೋಗಿದ್ದ.

ಎಚ್ಚರಾದಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ಮುದುಕಿಯ ಕೈ ಇನ್ನೂ ಅವನ ಕೈಯಲ್ಲೇ ಇತ್ತು. ಬಾಗಿಲಾಚೆ ಜನ ಕೆಮ್ಮನ್ನೂ ತಡೆದುಕೊಂಡು ಕೂತಿದ್ದರು.

"ಯಾಕ ಎಬ್ಬಸಲಿಲ್ಲ ಯವ್ವಾ?"

"ಊಟ ಕಂಡಿಲ್ಲ, ನಿದ್ದಿ ಕಂಡಿಲ್ಲ ನೀನು. ಒಂದೀಟು ಮಲಗ್ಲಿ ಅಂತ ನಾನ ಎಲ್ಲಾರಿಗೂ ಸುಮ್ಕಿರ್ರಿ ಅಂದೆ, ತಮ್ಮಾ."

ಅವನು ಅವಳಿಗೆ ಗುಳಿಗೆ ಕೊಟ್ಟು ಎದ್ದ. ಹೊರಗೆ ಬಂದು ನೋಡಿದರೆ ಬೇವಿನ ಮರದಡಿ ಒಂದು ಬಂಡಿ ನಿಂತಿತ್ತು. ಸಾಣಾಪುರದ ಕೂಲಿಯಾಳು ಕನಕಪ್ಪ ಹೆಂಡತಿ ಮಾರೆವ್ವನನ್ನು ಕರೆತಂದಿದ್ದ. ಅವಳ ಮೈ ಕಾದ ಹಂಚಿನಂತೆ ಸುಡುತ್ತಿತ್ತು, ಕರೆದರೆ ಓಗೊಡಲಿಲ್ಲ.

"ಎಷ್ಟೊತ್ತಾತು ಬಂದು?"

"ನೀವು ಮಲಗಿದ್ರಿ. ಬಂದಾಗ ಮಾತಾಡ್ತಿದ್ಲು, ಅದಕ್ಕ ಇನ್ನೊಂದೀಟು ತಡೀತಾಳ ಅಂದ್ಕೊಂಡೆ," ಎಂದ ಕನಕಪ್ಪ ತಗ್ಗಿದ ದನಿಯಲ್ಲಿ.

ಕರಿಬಸಪ್ಪನ ನಿದ್ದೆಯೆಲ್ಲ ಹಾರಿತು. ಅವಳನ್ನು ಒಳಗೆ ಎತ್ತಿಸಿ ಕ್ವಿನೈನ್ ಸೂಜಿ ಹಾಕಿದ, ಹಣೆಗೆ, ಎದೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲೇ ಕೂತ. ತಾನು ಮಲಗಿದ ಹೊತ್ತಿನಲ್ಲೇ ಇವಳು ಕೈ ಮೀರಿದ್ದರೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಯಾರನ್ನು ಬೈಯಬೇಕು? ಅವನ ಮೇಲೆ ಆ ಊರಿನವರು ಕರುಣೆ ತೋರಿದ್ದು ಅದೇ ಮೊದಲು.

ಮರುದಿನ ಹೊತ್ತೇರಿದ ಮೇಲೆ ಮಾರೆವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಕನಕಪ್ಪ ಗೋಡೆಗೆ ಮುಖ ಮಾಡಿ ಅತ್ತ. ಕರಿಬಸಪ್ಪ ಬಾಗಿಲಿಗೆ ಬಂದು, ಕಾದಿದ್ದವರಿಗೆಲ್ಲ ಕೇಳುವಂತೆ, "ಇನ್ನ ಮ್ಯಾಲ ನಾ ಮಲಗಿದ್ದು ಕಂಡ್ರ ಎಬ್ಬಸ್ರಿ. ಬೈದ್ರೂ ಎಬ್ಬಸ್ರಿ," ಎಂದ.

ದೊಡ್ಡ ಡಾಕ್ಟರು ಎಲ್ಲಿ ಎಂದು ಅಂದು ಯಾರೂ ಕೇಳಲಿಲ್ಲ. ಅವನು ಮುಖಕ್ಕೆ ತಣ್ಣೀರು ಹಾಕಿಕೊಂಡು, ಸೋತ ಕಾಲೆಳೆಯುತ್ತ ಕುರ್ಚಿಗೆ ಹೋಗಿ ಕೂತು, ಮುಂದಿನವರನ್ನು ಕರೆದ.