ನಮ್ಮ ಮೇಲಿನ ಮನೆಯ ಸಮುದ್ರ

ಮೋಡ ಕವಿದ ಸಂಜೆ ಯಾರಾದರೂ ಮನೆಗೆ ಬಂದರೆ ನಮ್ಮ ಮೇಲಿನ ಮನೆಯ ಯಜಮಾನರು ಸಮುದ್ರದ ಪರವಾಗಿ ಕ್ಷಮೆ ಕೇಳುತ್ತಿದ್ದರು. "ನೀವು ನಿನ್ನೆ ಬರಬೇಕಿತ್ತು. ನಮ್ಮದು ನಿನ್ನೆ ಎಷ್ಟು ಚೆನ್ನಾಗಿತ್ತು ಅಂತೀರಿ," ಎನ್ನುವಾಗ ಅವರ ಮುಖದಲ್ಲಿ, ಮಗಳ ಹಾಡು ಕೇಳಿಸಲು ನೆಂಟರನ್ನು ಕರೆದ ದಿನವೇ ಆಕೆಯ ಗಂಟಲು ಕಟ್ಟಿಹೋದ ತಂದೆಯ ಸಂಕಟವಿರುತ್ತಿತ್ತು. 'ನಮ್ಮದು' ಎಂದರೆ ಸಮುದ್ರ. ಸೂರ್ಯಾಸ್ತ ಸೊಗಸಾಗಿದ್ದ ದಿನ ಅತಿಥಿಗಳ ಉದ್ಗಾರವನ್ನು ತಲೆಬಾಗಿಸಿ ಸ್ವೀಕರಿಸಿ, "ಏನೋ, ನಮ್ಮ ಕೈಲಾದಷ್ಟು," ಎಂಬಂತೆ ನಗುತ್ತಿದ್ದರು.

ನಮ್ಮ ಕಟ್ಟಡದಲ್ಲಿ ಅವರಿಗೆ ಕಡಲ ಯಜಮಾನರೆಂದೇ ಹೆಸರು. ಬಂದರಿನ ಸುಂಕದ ಕಚೇರಿಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಸಪ್ತಸಾಗರ ದಾಟಿ ಬಂದ ಸರಕಿಗೆಲ್ಲ ಮೊಹರು ಒತ್ತುತ್ತ ಒಂದು ಹನಿ ನೀರೂ ಕಾಣದೆ ಸವೆದವರು. ನಿವೃತ್ತರಾದೊಡನೆ, ಇಷ್ಟು ಕಾಲ ಬೆನ್ನ ಹಿಂದೆ ಸದ್ದು ಮಾಡುತ್ತಿದ್ದದ್ದು ಏನೆಂದು ತಿರುಗಿ ನೋಡಲಿಕ್ಕೆಂದೇ ನನ್ನ ಮನೆಯ ಮೇಲಿನ ಮನೆಯನ್ನು ಕೊಂಡರು. ಸಂಜೆಯಾದರೆ ಹಿತ್ತಾಳೆ ಗುಂಡಿಯ ನೀಲಿ ಕೋಟು ತೊಟ್ಟು, ಕೈ ಹಿಂದೆ ಕಟ್ಟಿ, ಹೊಟ್ಟೆಯನ್ನು ಒಂದು ಹೆಜ್ಜೆ ಮುಂದೆ ಕಳಿಸಿ, ಹಡಗಿನ ತಪಾಸಣೆಗೆ ಹೊರಟವರ ಗಾಂಭೀರ್ಯದಿಂದ ಬಾಲ್ಕನಿಗೆ ದಯಮಾಡಿಸುತ್ತಿದ್ದರು. ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಆ ಸಮುದ್ರವನ್ನು ಗಂಡನ ಹಳೆಯ ಸ್ನೇಹಿತನನ್ನು ನೋಡುವಂತೆ ನೋಡುತ್ತಿದ್ದರು: ಇದ್ದರೆ ಇರಲಿ, ಊಟಕ್ಕೆ ನಿಲ್ಲದಿದ್ದರೆ ಸಾಕು.

ಆಮೇಲೆ ದಡದಲ್ಲಿ ಬಹುಮಹಡಿ ವಸತಿ ಗೋಪುರಗಳು ಏಳತೊಡಗಿದವು. ಮೊದಲನೆಯದಕ್ಕೆ ಅಡಿಪಾಯ ತೋಡುವಾಗಲೇ ಯಜಮಾನರು ಅದು ಐದನೇ ಮಹಡಿಗೆ ನಿಲ್ಲುತ್ತದೆಂದು ತೀರ್ಪಿತ್ತರು. ಮರಳು ನೆಲ ಅದಕ್ಕಿಂತ ಹೆಚ್ಚು ಭಾರ ತಡೆಯುವುದಿಲ್ಲವಂತೆ. ಐದು ದಾಟಿದಾಗ ಹತ್ತು ಎಂದರು. ಇಪ್ಪತ್ತು ದಾಟಿದ ಮೇಲೆ ಭೂಗರ್ಭಶಾಸ್ತ್ರದ ಸಹವಾಸವನ್ನೇ ಬಿಟ್ಟು, ಕುರ್ಚಿಯನ್ನು ಮೆಲ್ಲಗೆ ಎಡಕ್ಕೆ ಸರಿಸಿದರು. ಗೋಪುರ ಬೆಳೆದಂತೆ ಕುರ್ಚಿಯೂ ಸರಿಯಿತು; ಬಾಲ್ಕನಿ ಮುಗಿದು ಮಲಗುವ ಕೋಣೆ ಹೊಕ್ಕಿತು, ಬಟ್ಟೆಯ ಕಪಾಟಿನ ಪಕ್ಕ ಕೆಲಕಾಲ ತಂಗಿತು. ಕೊನೆಗೆ ಇಡೀ ಮನೆಯಲ್ಲಿ ಸಮುದ್ರ ಕಾಣುವ ಜಾಗ ಒಂದೇ ಉಳಿಯಿತು: ಅಡುಗೆಮನೆಯ ಸಿಂಕಿನ ಮೇಲಿನ ಕಿಟಕಿ.

ಕೋಟು ತೊಟ್ಟು ಅಲ್ಲಿ ಹೋಗಿ ನಿಂತ ಮೊದಲ ಸಂಜೆ ಅತ್ತಿಗೆ ಹೇಳಿದ್ದು ಇಷ್ಟೇ: "ಹೇಗೂ ನಿಂತಿದ್ದೀರಲ್ಲ, ಆ ಲೋಟ ಒಂದು ತೊಳೀರಿ."

ಮದುವೆಯಾದಂದಿನಿಂದ ಜಗಳ, ಕಣ್ಣೀರು, ಮೌನವ್ರತ ಯಾವುದರಿಂದಲೂ ಸಾಧ್ಯವಾಗದ್ದನ್ನು ಗೋಪುರ ಸಾಧಿಸಿತು. ಲೋಟದಿಂದ ತಟ್ಟೆಗೆ, ತಟ್ಟೆಯಿಂದ ತಳ ಹತ್ತಿದ ಪಾತ್ರೆಗೆ ಯಜಮಾನರು ಬಡ್ತಿ ಪಡೆದರು. ಸೂರ್ಯ ನಿಧಾನಿಸಿದ ದಿನ ಪಾತ್ರೆ ಮೊದಲೇ ಮುಗಿದುಹೋಗಿ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು. ಅತಿಥಿಗಳಿಗೂ ಅಡುಗೆಮನೆಯಲ್ಲೇ ದರ್ಶನ. ಗೋಪುರಗಳ ಸಂದಿಯಲ್ಲಿ ಮಿನುಗುವ ನೀರಿನ ಪಟ್ಟಿಯನ್ನು ಸೋಪಿನ ಕೈಯಿಂದ ತೋರಿಸಿ, "ನಮ್ಮದು ಈಗ ಸ್ವಲ್ಪ ಸಣ್ಣಗಾಗಿದೆ. ಆದರೆ ಗಟ್ಟಿ ಇದೆ," ಎನ್ನುತ್ತಿದ್ದರು. ನನ್ನ ಹೆಂಡತಿ ಇದನ್ನೆಲ್ಲ ನೋಡಿ ಬಂದು ನನ್ನನ್ನು ಅರ್ಥಗರ್ಭಿತವಾಗಿ ದಿಟ್ಟಿಸಿದಳು. ಪುಣ್ಯಕ್ಕೆ ನಮ್ಮ ಸಿಂಕಿನಿಂದ ಕಾಣುವುದು ಪಕ್ಕದ ಕಟ್ಟಡದ ಕೊಳಾಯಿ ಮಾತ್ರ.

ಅಷ್ಟರಲ್ಲಿ ಆ ಸಂದಿಗೂ ಒಂದು ಗೋಪುರ ಬರುವ ಸುದ್ದಿ ಬಂತು. ನಗರಸಭೆ ಆಕ್ಷೇಪಣೆ ಕೇಳಲು ಸಭೆ ಕರೆಯಿತು. ಯಜಮಾನರು ಗಾಳಿ, ಬೆಳಕು, ಪೂರ್ವಜರು ಮತ್ತು ಮುಂದಿನ ಪೀಳಿಗೆಯನ್ನೊಳಗೊಂಡ ಭಾಷಣವನ್ನು ಪಾತ್ರೆಗಳಿಗೆ ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಮಾಡಿದರು. ಸಭೆಯಲ್ಲಿ ಮೇಜಿನ ಮೇಲೆ ಇಡೀ ದಡದ ಮಾದರಿ ಇಟ್ಟಿದ್ದರು. ಹೊಸ ಗೋಪುರಗಳಿಗೆ ಗಾಜು, ಪುಟ್ಟ ಮರಗಳು, ಕೈಬೀಸುವ ಗೊಂಬೆಗಳು. ನಮ್ಮ ಕಟ್ಟಡ ಮಾತ್ರ ಕಿಟಕಿಯಿಲ್ಲದ ಒಂದು ಬಿಳಿಯ ಥರ್ಮೋಕೋಲ್ ತುಂಡು. "ಮಾನ್ಯರೇ" ಎಂದು ಎದ್ದ ಯಜಮಾನರ ಕಣ್ಣು ಅದರ ಮೇಲೆ ಬಿತ್ತು. ಪೂರ್ವಜರೂ ಪೀಳಿಗೆಯೂ ಒಟ್ಟಿಗೇ ಕೈಕೊಟ್ಟರು. "ಇದಕ್ಕೆ ಕಿಟಕಿ ಇಲ್ಲವಲ್ಲ," ಎಂದಷ್ಟೇ ಹೇಳಿ ಕೂತುಬಿಟ್ಟರು.

ಆಗ ಅತ್ತಿಗೆ ಎದ್ದರು. "ಸಮುದ್ರದ ವಿಷಯ ನನಗೆ ಗೊತ್ತಿಲ್ಲ. ಆ ಸಂದಿಯಿಂದಾಗಿ ನಮ್ಮನೆಯವರು ಪಾತ್ರೆ ತೊಳೀತಿದ್ದಾರೆ, ಅದು ಗೊತ್ತು." ಸಭೆ ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ. "ಪಾತ್ರೆ ಬೇಕಾದರೆ ನಾನೇ ತೊಳೀತೀನಿ. ಕೆಲಸದಲ್ಲಿ ಇದ್ದಷ್ಟು ವರ್ಷವೂ ಇವರು ಗೋಡೆ ನೋಡಿದ್ದಾರೆ. ಇನ್ನೂ ಗೋಡೆ ನೋಡೋದು ಬೇಡ."

ಕೊನೆಗೆ ಗೋಪುರ ನಾಲ್ಕು ಮಾರು ಅತ್ತ ಸರಿದು ನಿಂತಿತು. ನೆಲದಡಿಯಲ್ಲಿ ಹಳೆಯ ಒಳಚರಂಡಿ ಸಿಕ್ಕಿದ್ದೇ ಕಾರಣವೆಂದು ಎಂಜಿನಿಯರೇ ನನಗೆ ಹೇಳಿದರು. ನಾನು ಅದನ್ನು ಮೇಲಿನ ಮನೆಗೆ ಮುಟ್ಟಿಸಿಲ್ಲ. ಅಲ್ಲಿ ಈಗ ಬಾಗಿಲ ಸಂದಿಯಷ್ಟು ಸಮುದ್ರವಿದೆ, ಮತ್ತು ಬಂದವರಿಗೆಲ್ಲ ಒಂದು ಹೊಸ ಮಾತಿದೆ: "ನಮ್ಮವಳು ಎದ್ದು ನಿಂತಳು ನೋಡಿ, ಕಟ್ಟಡವೇ ಪಕ್ಕಕ್ಕೆ ಸರೀತು." 'ನಮ್ಮದು' ಎಂದಷ್ಟೇ ತಿಳಿದಿದ್ದ ಬಾಯಲ್ಲಿ 'ನಮ್ಮವಳು' ಬಂದದ್ದನ್ನು ಅತ್ತಿಗೆ ಕೇಳಿಸದವರಂತೆ ಪಾತ್ರೆ ಒರೆಸುತ್ತ ಕೇಳಿಸಿಕೊಳ್ಳುತ್ತಾರೆ.

ಗೋಪುರಗಳ ಎತ್ತರದ ಮನೆಗಳಲ್ಲಿ, ಬಿಸಿಲಿಗೆ ಸೋಫಾದ ಬಣ್ಣ ಹೋಗುತ್ತದೆಂದು ಪರದೆ ಎಳೆದೇ ಇರುತ್ತದೆ. ಕಾಸು ಕೊಟ್ಟು ಸಮುದ್ರ ಕೊಂಡವರು ಅವರು. ಯಜಮಾನರಂಥವರು ಕೊಳ್ಳದೆಯೇ ಅದಕ್ಕೆ ವಾರಸುದಾರರಾದವರು. ಇಂಥವರ ಠೀವಿಗೆ ನಾವೆಲ್ಲ ನಗುತ್ತೇವೆ, ನಗಲೂಬೇಕು. ಸಮುದ್ರ ಯಾರಪ್ಪನ ಮನೆಯದೂ ಅಲ್ಲ, ನಿಜ. ಆದರೆ ಮೋಡ ಕವಿದ ದಿನ ಅದರ ಪರವಾಗಿ ಕ್ಷಮೆ ಕೇಳುವುದಕ್ಕೆ ಊರಿಗೊಬ್ಬರಾದರೂ ಬೇಕಲ್ಲ.